ಒಣಮರವೇ ದಾರಿಗುರುತು

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ 111 ಜಲಮಾರ್ಗಗಳಿವೆ. ಮೊದಲನೆಯದು ಗಂಗೆ. 51ನೆಯದು ಎಚ್.ಡಿ. ಕೋಟೆಯವರು ದಿನಾ ನೋಡುವ ಕಬಿನಿ, ಉದ್ದ 23 ಕಿ.ಮೀ. ಕಾಗದದಲ್ಲಿ ಗಂಗೆಯ ಪಂಕ್ತಿಗೆ ಸೇರಿದ ಈ ನೀರಿನಲ್ಲಿ ದೋಣಿಯವರು ನೆಚ್ಚಿಕೊಂಡಿರುವುದು ಮಾತ್ರ ಒಣಮರಗಳನ್ನು.

ಬೀಚನಹಳ್ಳಿಯಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಕಾಡಿನ ಪಳೆಯುಳಿಕೆ ಅವು. ನೀರುಕಾಗೆ ರೆಕ್ಕೆ ಬಿಚ್ಚಿ ಕೂತರೆ ಸಫಾರಿಯವರ ಕ್ಯಾಮೆರಾಗಳೆಲ್ಲ ಅತ್ತ ತಿರುಗುತ್ತವೆ. ದೋಣಿ ನಡೆಸುವವನ ಕಣ್ಣು ಬುಡದ ಮೇಲಿರುತ್ತದೆ. ಬೇಸಿಗೆಯಲ್ಲಿ ಮೋಟುಗಳು ಬಯಲಾಗುತ್ತವೆ. ವಯನಾಡಿನ ಮಳೆಗೆ ಜಲಾಶಯ 2,284 ಅಡಿ ಮುಟ್ಟಿದಾಗ ಎಷ್ಟೋ ಮೋಟುಗಳು ಆಳಕ್ಕೆ ಸೇರುತ್ತವೆ. ಕಷ್ಟವೆಲ್ಲ ನಡುವಿನ ದಿನಗಳದ್ದು: ನೀರು ನುಣ್ಣಗೆ ಹರಡಿರುತ್ತದೆ, ಗೇಣು ಕೆಳಗೆ ಮೋಟು ಕಾದಿರುತ್ತದೆ.

ಬಂದರುಗಳಲ್ಲಿ ಈ ಊಹೆಯ ಕೆಲಸವನ್ನು ಬೋಯಾಗಳು ತಪ್ಪಿಸುತ್ತವೆ. ತಳಕ್ಕೆ ಸರಪಳಿ ಬಿಗಿದು ತೇಲಿಬಿಟ್ಟ ಈ ಗುರುತುಗಳಿಗೆ ಜಗತ್ತಿನಲ್ಲಿ ಒಂದು ಕಾಲಕ್ಕೆ ಮೂವತ್ತಕ್ಕೂ ಹೆಚ್ಚು ಪದ್ಧತಿಗಳಿದ್ದವು. 1980ರಲ್ಲಿ ಟೋಕಿಯೊ ಸಮ್ಮೇಳನ ಅವನ್ನು ಒಂದು ಚೌಕಟ್ಟಿಗೆ ತಂದಿತು. ಭಾರತದಲ್ಲಿ ಸಮುದ್ರದಿಂದ ಒಳಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಹೊರಡುವಾಗ ತಿರುವುಮುರುವು. ಅಮೆರಿಕ, ಜಪಾನ್‌ಗಳಲ್ಲಿ ಬಣ್ಣಗಳೇ ಅದಲುಬದಲು. ಆದರೆ ಎಡದ್ದು ಡಬ್ಬಿಯಾಕಾರ, ಬಲದ್ದು ಶಂಕುವಿನಾಕಾರ ಎಂಬುದು ಎಲ್ಲೆಡೆ ಒಂದೇ. ಇಳಿಬಿಸಿಲಿಗೆ ಬಣ್ಣ ಕಪ್ಪಿಟ್ಟರೂ ಆಕಾರ ನೋಡಿ ಗುರುತಿಸಬಹುದು.

ಕಬಿನಿಗೆ ಹೇಳಿ ಮಾಡಿಸಿದಂಥ ಗುರುತು ಬೇರೆಯೇ ಇದೆ. ಕಪ್ಪು ಮೈ, ನಡುವೆ ಕೆಂಪು ಪಟ್ಟಿ, ನೆತ್ತಿಯಲ್ಲಿ ಒಂದರ ಮೇಲೊಂದು ಎರಡು ಕರಿಗುಂಡು. ಸುತ್ತ ನೀರು ಸಲೀಸು, ಕೆಳಗೊಂದು ಅಡ್ಡಿ ಇದೆ ಎಂದು ಅದರ ಅರ್ಥ. ಒಂಟಿ ಮೋಟಿಗೆ ಇದು ಸಾಕು. ಮೋಟುಗಳ ಗುಂಪಿದ್ದರೆ ಕಪ್ಪು-ಹಳದಿಯ ದಿಕ್ಕಿನ ಗುರುತು ಬೇಕು: ಅದರ ನೆತ್ತಿಯ ಎರಡು ಶಂಕುಗಳೂ ಮೇಲ್ಮುಖವಾಗಿದ್ದರೆ ಗುರುತಿನ ಉತ್ತರಕ್ಕೆ, ಕೆಳಮುಖವಾಗಿದ್ದರೆ ದಕ್ಷಿಣಕ್ಕೆ ಹಾದುಹೋಗಬೇಕು.

ಹುಣಸೂರಿನ ಲಕ್ಷ್ಮಣತೀರ್ಥ ಕಾವೇರಿಗೆ ಸೇರುವ ಕೆ.ಆರ್.ಎಸ್. ಹಿನ್ನೀರಿರಲಿ, ಕಬಿನಿಯಿರಲಿ, ತೇಲುವ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಕಸವೆಂದು ತಿಳಿಯಬಾರದು. ಅದು ಮೀನುಗಾರರ ಬಲೆಯ ಗುರುತಾಗಿರಬಹುದು. ಮೇಲೆ ದೋಣಿ ಹರಿಸಿದರೆ ಬಲೆ ಹರಿಯುತ್ತದೆ, ಎಂಜಿನ್ನಿನ ಫ್ಯಾನೂ ಸುತ್ತಿಕೊಳ್ಳುತ್ತದೆ.

23 ಕಿ.ಮೀ. ಉದ್ದಕ್ಕೂ ಬೋಯಾ ಸಾಲು ಬೇಡ. ದೋಣಿಗಳು ಹೆಚ್ಚು ಓಡಾಡುವ ಕಡೆ ಮೋಟುಗಳಿಗೆ ಕಪ್ಪು-ಕೆಂಪು ಗುರುತು ಹಾಕಿದರೆ ಸದ್ಯಕ್ಕೆ ಸಾಕು. ಅಲ್ಲಿಯವರೆಗೆ ದೋಣಿ ಹತ್ತುವವರು ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಂಡು, ಅಂದಿನ ನೀರಿನ ಮಟ್ಟ ಎಷ್ಟೆಂದು ಒಂದು ಮಾತು ಕೇಳಿಕೊಳ್ಳಲಿ.