ನಿಂತ ಚಿತ್ರದ ರುಚಿ: ಬ್ಯಾಟರಿ ಗ್ರಿಪ್ ಕೊಳ್ಳುವ ಮುನ್ನ

ಫೆಬ್ರವರಿಯಲ್ಲಿ ಚಿಕ್ಕಮಗಳೂರು ಗಿರಿಸಾಲಿನ ಅತ್ತಿಗುಂಡಿಯಿಂದ ಕೆಳಗಿಳಿದರೆ ತೋಟಗಳಲ್ಲಿ ಮೆಣಸು ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಚೀಲ ಕಟ್ಟಿಕೊಂಡು ಒಬ್ಬ ಹತ್ತುತ್ತಾನೆ. ಬುಡದಲ್ಲಿ ಕಾಫಿ ಗಿಡ, ನಡುವೆ ಬಳ್ಳಿ, ಮೇಲೆ ಆಳು, ಅವನಿಗೂ ಮೇಲೆ ಬೆಳಕು. ಕ್ಯಾಮೆರಾ ಅಡ್ಡ ಹಿಡಿದರೆ ಅಕ್ಕಪಕ್ಕದ ಮರಗಳೆಲ್ಲ ಒಳಗೆ ಬಂದು ಎತ್ತರವೊಂದೇ ಹೊರಗುಳಿಯುತ್ತದೆ. ತಿರುಗಿಸಿ ಹಿಡಿದರೆ ಎತ್ತರ ಬರುತ್ತದೆ, ಅದರೊಂದಿಗೆ ನೋಡುವವರ ಎದೆಯಲ್ಲಿ ಅಳುಕೂ ಬರುತ್ತದೆ.

ಡಿಎಸ್‌ಎಲ್‌ಆರ್‌ನ ತಳಕ್ಕೆ ಬಿಗಿಯುವ ಬ್ಯಾಟರಿ ಗ್ರಿಪ್ ಬೇಕೇ ಎಂದು ಹೊಸಬರು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: ನೀವು ತೆಗೆದದ್ದರಲ್ಲಿ ಇಂಥ ನಿಂತ ಚಿತ್ರಗಳೆಷ್ಟು?

ನೋಡುವುದನ್ನು ಕಲಿಯಿರಿ

1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿತು. 24×36 ಮಿ.ಮೀ. ಚೌಕಟ್ಟು ನೆಲೆಯಾದದ್ದು ಹಾಗೆ. ಅಂದಿನಿಂದ ಇಂಥ ಕ್ಯಾಮೆರಾಗಳ ಸಹಜ ಭಂಗಿ ಅಡ್ಡವೇ. ಹಾಗಾಗಿ ನಿಂತ ಚಿತ್ರವೆಂದರೆ ಯಾರೋ ಬೇಕೆಂದೇ ಕೈ ತಿರುಗಿಸಿ ತೆಗೆದದ್ದು. ಯಾಕೆ ತಿರುಗಿಸಿದರು ಎಂದು ಕೇಳಿಕೊಳ್ಳುವಲ್ಲಿಂದ ರಸಿಕತೆ ಶುರುವಾಗುತ್ತದೆ.

ಅಡ್ಡ ಚಿತ್ರದಲ್ಲಿ ಕಣ್ಣು ನಡೆಯುತ್ತದೆ, ನಿಂತ ಚಿತ್ರದಲ್ಲಿ ಹತ್ತುತ್ತದೆ. ಹತ್ತಲು ಮೆಟ್ಟಿಲು ಬೇಕು. ಒಂದು ಪರೀಕ್ಷೆ ಮಾಡಿ: ಚಿತ್ರದ ಕೆಳಗಿನ ಮೂರನೇ ಒಂದು ಭಾಗವನ್ನು ಅಂಗೈಯಿಂದ ಮುಚ್ಚಿ. ಏನೂ ಕಳೆದಂತೆ ಅನಿಸದಿದ್ದರೆ ಆ ಚಿತ್ರ ನಿಲ್ಲಬೇಕಾಗಿರಲಿಲ್ಲ. ಮೆಣಸಿನ ಏಣಿಯ ಚಿತ್ರದಲ್ಲಿ ಬುಡ ಮುಚ್ಚಿದರೆ ಆಳು ಗಾಳಿಯಲ್ಲಿ ತೇಲುತ್ತಾನೆ, ಅಳುಕು ಹೋಗಿಬಿಡುತ್ತದೆ.

ಹಕ್ಕಿ ಚಿತ್ರಗಳಲ್ಲೂ ಇದನ್ನೇ ಹುಡುಕಿ. ಕಾಂಡಕ್ಕೆ ಅಂಟಿದ ಮರಕುಟಿಗ ನಿಂತ ಚೌಕಟ್ಟನ್ನೇ ಕೇಳುತ್ತದೆ. ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳಿಗಾಗಿ ಕಾದು ಕೂತ ಪೂರ್ಣಚಂದ್ರ ತೇಜಸ್ವಿಯವರು ಫಿಲ್ಮ್ ಕಾಲದವರು. ಆಗ ಒಂದು ರೋಲಿಗೆ 36 ಚಿತ್ರ. ಚೌಕಟ್ಟು ಹೇಗಿರಬೇಕೆಂದು ಗುಂಡಿ ಒತ್ತುವ ಮೊದಲೇ ತೀರ್ಮಾನವಾಗಬೇಕಿತ್ತು.

ಗ್ರಿಪ್ ಕೊಡುವುದೇನು?

ಹೆಸರಿನಲ್ಲಿ ಬ್ಯಾಟರಿ ಇದ್ದರೂ ಗ್ರಿಪ್‌ನ ನಿಜವಾದ ಉಪಕಾರ ಕೈಗೆ. ಗ್ರಿಪ್ ಇಲ್ಲದೆ ಕ್ಯಾಮೆರಾ ತಿರುಗಿಸಿ ಹಿಡಿದರೆ ಬಲ ಮೊಣಕೈ ಗಾಳಿಯಲ್ಲಿ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಭುಜ ಸೋಲುತ್ತದೆ, ಚಿತ್ರ ಅಲುಗುತ್ತದೆ. ಗ್ರಿಪ್‌ನಲ್ಲಿ ಇನ್ನೊಂದು ಶಟರ್ ಗುಂಡಿ, ಇನ್ನೊಂದು ಡಯಲ್ ಇರುವುದರಿಂದ ಮೊಣಕೈ ಪಕ್ಕೆಗೆ ಒತ್ತಿಕೊಂಡು ನಿಲ್ಲುತ್ತದೆ. ಭಾರವಾದ ಟೆಲಿ ಲೆನ್ಸ್ ಇದ್ದರೆ ಕ್ಯಾಮೆರಾ ಮುಂದಕ್ಕೆ ಜಗ್ಗುವುದೂ ಕಡಿಮೆ.

ಬ್ಯಾಟರಿಯ ಮಾತಿಗೆ ಬಂದರೆ, ಕ್ಯಾನನ್ 5ಡಿ ಮಾರ್ಕ್ 4ರ ಒಂದು ಬ್ಯಾಟರಿಗೆ ಕಂಪನಿಯೇ ಹೇಳುವಂತೆ ಸುಮಾರು 900 ಚಿತ್ರ, ನಿಕಾನ್ ಡಿ850ಕ್ಕೆ ಸುಮಾರು 1,840. ಅತ್ತಿಗುಂಡಿಯಲ್ಲಿ ಒಂದು ಬೆಳಗಿಗೆ ಇದು ಧಾರಾಳ. ಗಿರಿಯ ಚಳಿಗೆ ಬ್ಯಾಟರಿ ತುಸು ಮಂಕಾದರೆ ಒಳಜೇಬಿನಲ್ಲಿ ಬೆಚ್ಚಗಿಟ್ಟ ಇನ್ನೊಂದು ಸಾಕು. ವಿಡಿಯೊ ಮಾಡುವವರ, ಲೈವ್ ವ್ಯೂನಲ್ಲೇ ನೋಡುವವರ ಲೆಕ್ಕ ಬೇರೆ.

ವೇಗ ಹೆಚ್ಚುತ್ತದೆ ಎನ್ನುವುದು ಕೆಲವು ಮಾದರಿಗಳಿಗೆ ಮಾತ್ರ ನಿಜ. ಡಿ850ಕ್ಕೆ ಎಂಬಿ-ಡಿ18 ಗ್ರಿಪ್ ಹಾಕಿ, ಅದರೊಳಗೆ ದೊಡ್ಡ ಇಎನ್-ಇಎಲ್18 ಮಾದರಿಯ ಬ್ಯಾಟರಿ ಇಟ್ಟರೆ ಸೆಕೆಂಡಿಗೆ 7ರ ಬದಲು 9 ಚಿತ್ರ ಬರುತ್ತವೆ. ಎಲ್ಲ ಗ್ರಿಪ್‌ಗಳಿಂದಲೂ ಇದನ್ನು ನಿರೀಕ್ಷಿಸಬೇಡಿ.

ಯಾರಿಗೆ ಬೇಕು, ಯಾರಿಗೆ ಬೇಡ

ಮದುವೆ ಮನೆಯಲ್ಲಿ ದಿನವಿಡೀ ನಿಂತು ಮುಖ ತೆಗೆಯುವವರು, ವೇದಿಕೆಯ ಕಲಾವಿದರನ್ನು ಹಿಡಿಯುವವರು, ದೊಡ್ಡ ಲೆನ್ಸಿನ ಹಕ್ಕಿಗಾರರು ಕೊಳ್ಳಲಿ, ಹಣ ದಂಡವಾಗದು. ದೊಡ್ಡ ಕೈಯವರಿಗೆ ಕಿರುಬೆರಳಿಗೂ ಜಾಗ ಸಿಗುತ್ತದೆ.

ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರಕ್ಕೆ ಕ್ಯಾಮೆರಾ ಹೊತ್ತು ಹತ್ತುವವರು ತಡೆಯಲಿ. ಗ್ರಿಪ್, ಎರಡು ಬ್ಯಾಟರಿ ಸೇರಿದರೆ ಅರ್ಧ ಕಿಲೋ ಸಮೀಪಿಸಬಹುದು. ಹೊನ್ನಮ್ಮನ ಹಳ್ಳದಲ್ಲಿ ಟ್ರೈಪಾಡ್ ಊರಿ ನೀರನ್ನು ಹಾಲಿನಂತೆ ತೆಗೆಯುವವರಿಗೂ ಬೇಡ. ಟ್ರೈಪಾಡಿನ ಮೇಲೆ ಗ್ರಿಪ್ ಎತ್ತರ ಕೂಡಿಸುತ್ತದೆ, ಕೀಲೊಂದನ್ನು ಹೆಚ್ಚಿಸುತ್ತದೆ. ಅಲ್ಲಿ ನಿಂತ ಚಿತ್ರಕ್ಕೆ ಎಲ್ ಆಕಾರದ ಪ್ಲೇಟ್ ಒಳ್ಳೆಯದು.

ಕೊಳ್ಳುವಾಗ

ನಿಮ್ಮ ಮಾದರಿಗೆ ಕಂಪನಿಯದೇ ಗ್ರಿಪ್ ಇದೆಯೇ ನೋಡಿ. ನಿಕಾನ್ ಡಿ5600ರಂಥ ಸಣ್ಣ ಕ್ಯಾಮೆರಾಗಳಿಗಿಲ್ಲ, ಬೇರೆಯವರು ಮಾಡಿದ್ದೇ ಗತಿ. ಹಾಕಿ, ಸ್ಕ್ರೂ ಬಿಗಿದು, ಲೆನ್ಸ್ ಸಮೇತ ತಿರುಗಿಸಿ: ಕೀಲು ಕಿರುಗುಟ್ಟಿದರೆ ಬೇಡ. ಎರಡೂ ಶಟರ್ ಗುಂಡಿಗಳನ್ನು ಅರ್ಧ ಒತ್ತಿ ಹೋಲಿಸಿ. ಇಲ್ಲಿನ ಮಳೆಗಾಲದಲ್ಲಿ ಬಳಸುವುದಾದರೆ ನೀರು ತಡೆಯುವ ರಬ್ಬರ್ ಅಂಚು ಕಡ್ಡಾಯ. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಬ್ಯಾಟರಿ ಬಾಗಿಲನ್ನೇ ಕಳಚಬೇಕು. ಅದನ್ನು ಗ್ರಿಪ್‌ನೊಳಗಿನ ಜಾಗದಲ್ಲೇ ಜೋಪಾನವಾಗಿಡಿ.

ಇಷ್ಟಕ್ಕೂ ಮೊದಲು ಒಂದು ತಿಂಗಳು ಬರಿಗೈಯಲ್ಲೇ ಕ್ಯಾಮೆರಾ ತಿರುಗಿಸಿ ತೆಗೆಯಿರಿ. ಪ್ರತಿ ಚಿತ್ರದ ಬುಡಕ್ಕೂ ಅಂಗೈ ಇಟ್ಟು ನೋಡಿ. ನಿಲ್ಲಬೇಕಾದ ಚಿತ್ರಗಳು ಹೆಚ್ಚುತ್ತಾ ಹೋಗಿ, ಭುಜ ನೋಯತೊಡಗಿತೋ, ಅಂದೇ ಅಂಗಡಿಗೆ ಹೋಗಿ.