720 ಮಿಲಿವೋಲ್ಟ್‌ನ ಮೇಲೊಂದು ತಕರಾರು

ಈಜುಕೊಳದ ಕ್ಲೋರಿನ್ನನ್ನು ತಾನೇ ನೋಡಿಕೊಂಡು ತಾನೇ ಸುರಿಯುವ ನಿಯಂತ್ರಕಕ್ಕೆ ಸಿಗುತ್ತಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ 'ಫುಲ್ ಆಟೊಮ್ಯಾಟಿಕ್' ಎಂದರೆ ಸಾಕು, ಮುಂದಿನ ಪ್ರಶ್ನೆಯೇ ಏಳುವುದಿಲ್ಲ. ನನ್ನ ತಕರಾರು ಆ ಪೆಟ್ಟಿಗೆಯ ಮುಖದ ಮೇಲೆ ಮಿನುಗುವ ಒಂದು ಸಂಖ್ಯೆಯ ಬಗ್ಗೆ.

ಆ ಸಂಖ್ಯೆ ಕ್ಲೋರಿನ್ನಿನ ಪ್ರಮಾಣವಲ್ಲ. ಸಾಮಾನ್ಯವಾಗಿ ಅಲ್ಲಿರುವುದು ಪ್ಲಾಟಿನಂ ತುದಿಯ ಓಆರ್‌ಪಿ ಪ್ರೋಬ್. ನೀರಿಗೆ ಉತ್ಕರ್ಷಿಸುವ ಕಸುವು ಎಷ್ಟಿದೆ ಎಂದು ಮಿಲಿವೋಲ್ಟ್‌ನಲ್ಲಿ ಹೇಳುತ್ತದೆ. ಗೊತ್ತುಮಾಡಿದ ಅಂಕದಿಂದ ಕೆಳಗಿಳಿದರೆ ಡೋಸಿಂಗ್ ಪಂಪ್ ಹೈಪೊ, ಅಂದರೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ, ಬಿಡುತ್ತದೆ. ಸಮರ್ಥಕರು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯನ್ನು ಮಂತ್ರದಂತೆ ಜಪಿಸುತ್ತಾರೆ: 720 ದಾಟಿದರೆ ನೀರು ಸೂಕ್ಷ್ಮಾಣುಗಳ ಮಟ್ಟಿಗೆ ಚೆನ್ನಾಗಿದೆಯಂತೆ. ಪೂರ್ತಿ ಓದಿದರೆ ಚಿತ್ರ ಬೇರೆ. 720 ಎಂಬುದು ಪ್ರೋಬಿನೊಳಗೆ ಹೋಲಿಕೆಗೆಂದು ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಇದ್ದರೆ. ಕ್ಯಾಲೊಮೆಲ್ ಆದರೆ 680. ನೀರು ಅದೇ, ಅಂಕ ಎರಡು. ಯಾವ ಕೊಳಕ್ಕೆ ಯಾವ ಅಂಕ ಎಂಬುದನ್ನು ಆಯಾ ಕೊಳ ನೋಡಿಯೇ ಗೊತ್ತುಮಾಡಿ ಎಂಬ ಸಲಹೆಯೂ ಅಲ್ಲೇ ಇದೆ. ಮಾರುವವರ ಬಾಯಲ್ಲಿ ಈ ಉತ್ತರಾರ್ಧ ಬರುವುದೇ ಇಲ್ಲ.

ಇನ್ನೊಂದು ಎಡವಟ್ಟು ಪಿಎಚ್‌ನದು. ಪಿಎಚ್ 7.5ರಲ್ಲಿ ಮುಕ್ತ ಕ್ಲೋರಿನ್ನಿನ ಹತ್ತಿರಹತ್ತಿರ ಅರ್ಧದಷ್ಟು ಹೈಪೊಕ್ಲೋರಸ್ ಆಮ್ಲವಾಗಿರುತ್ತದೆ, ಕ್ರಿಮಿ ಕೊಲ್ಲುವುದು ಮುಖ್ಯವಾಗಿ ಅದೇ. 8ಕ್ಕೆ ಏರಿದರೆ ಅದು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಮಿಲಿವೋಲ್ಟ್ ಕುಸಿದದ್ದನ್ನು ಕಂಡು ಯಂತ್ರ ಹೈಪೊ ಸುರಿಯುತ್ತದೆ. ಹೈಪೊ ಸ್ವತಃ ಕ್ಷಾರ. ಪಿಎಚ್ ಇನ್ನಷ್ಟು ಮೇಲಕ್ಕೆ. ಬೇಕಿದ್ದದ್ದು ಆಮ್ಲ. ಟಿಸಿಸಿಎ (ಟ್ರೈಕ್ಲೋರೊಐಸೊಸಯನ್ಯೂರಿಕ್ ಆಮ್ಲ) ಎಂಬ ಕ್ಲೋರಿನ್ ಮಾತ್ರೆ ಹಾಕುವ ಕೊಳದಲ್ಲಂತೂ ಸಯನ್ಯೂರಿಕ್ ಆಮ್ಲ ದಿನದಿನಕ್ಕೆ ಕೂಡುತ್ತಾ ಹೋಗಿ, ಕ್ಲೋರಿನ್ ಎಷ್ಟಿದ್ದರೂ ಅಂಕ ಮೇಲೇಳುವುದಿಲ್ಲ. ಯಂತ್ರ ಮಾತ್ರ ಹಟ ಬಿಡದೆ ಸುರಿಯುತ್ತಲೇ ಇರುತ್ತದೆ. ಪ್ರಮಾಣಕ್ಕಿಂತ ಕೊಲ್ಲುವ ಕಸುವನ್ನು ಅಳೆಯುವುದೇ ಇದರ ಹಿರಿಮೆ ಎನ್ನುವವರಿದ್ದಾರೆ. ಮಾತೇನೋ ಸರಿ. ಕಸುವು ಏಕೆ ಕುಂದಿತು ಎಂದು ಅದಕ್ಕೆ ಗೊತ್ತಾಗುವುದಿಲ್ಲವಲ್ಲ!

2016ರ ರಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಮರಿಯಾ ಲೆಂಕ್ ಕೇಂದ್ರದ ಡೈವಿಂಗ್ ಕೊಳ ಆಗಸ್ಟ್ 9ರಂದು ಹಸಿರಾಯಿತು. ಮರುದಿನ ಪಕ್ಕದ ವಾಟರ್ ಪೋಲೊ ಕೊಳವೂ. ಮೊದಲು ಅಂತರರಾಷ್ಟ್ರೀಯ ಈಜು ಒಕ್ಕೂಟ, ಶುದ್ಧೀಕರಣದ ಕೆಲವು ರಾಸಾಯನಿಕಗಳೇ ಮುಗಿದುಹೋಗಿದ್ದವು ಎಂದಿತು. ಆಮೇಲೆ ಸಂಘಟಕರೇ ಬಾಯಿಬಿಟ್ಟರು: ಆಗಸ್ಟ್ 5ರಂದು ಗುತ್ತಿಗೆದಾರ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದ. ಪೆರಾಕ್ಸೈಡ್ ಕ್ಲೋರಿನ್ನನ್ನು ಕೆಲಸಕ್ಕೆ ಬಾರದಂತೆ ಮಾಡಿತು. ಮಾಪಕ ಮಾತ್ರ ಕ್ಲೋರಿನ್ ಸಾಕಷ್ಟಿದೆ ಎಂದೇ ತೋರಿಸಿತು ಎಂದರು. ಕೊನೆಗೆ ಒಂದು ಕೊಳದ ಸುಮಾರು 37 ಲಕ್ಷ ಲೀಟರ್ ನೀರನ್ನೇ ಬದಲಿಸಬೇಕಾಯಿತು.

ತಪ್ಪು ಗುತ್ತಿಗೆದಾರನದು, ಯಂತ್ರದ್ದಲ್ಲ ಎಂದು ಆಗ ಅನೇಕರು ಬರೆದರು. ಈ ವಾದ ನನಗೆ ರುಚಿಸುವುದಿಲ್ಲ. ಕಾವಲಿಗೆಂದು ಇಟ್ಟದ್ದು, ಯಾರೂ ತಪ್ಪು ಮಾಡದ ದಿನ ಮಾತ್ರ ಕೆಲಸ ಮಾಡಿದರೆ ಕಾವಲು ಹೇಗಾದೀತು? ಹಾಗೆಂದು ಯಂತ್ರವನ್ನೇ ಕಿತ್ತೊಗೆಯಿರಿ ಎನ್ನುವ ಪರಿಶುದ್ಧವಾದಿಗಳ ಜೊತೆಯೂ ನಾನಿಲ್ಲ. ಭಾನುವಾರ ಬೆಳಗ್ಗೆ ಮಕ್ಕಳ ದಂಡು ಇಳಿದಾಗ ಕ್ಲೋರಿನ್ ಖರ್ಚಾಗುವ ವೇಗಕ್ಕೆ ಬಕೆಟ್ ಹಿಡಿದ ಮನುಷ್ಯ ಸಾಲುವುದಿಲ್ಲ.

ಓಆರ್‌ಪಿ ಬಿಟ್ಟು ನೇರವಾಗಿ ಮುಕ್ತ ಕ್ಲೋರಿನ್ ಅಳೆಯುವ ಆಂಪೆರೊಮೆಟ್ರಿಕ್ ಸೆನ್ಸರ್ ಹಾಕಿಸಿ ಎನ್ನುವವರದು ಇನ್ನೊಂದು ಬಣ. ಅದು ವಾಸಿ, ನಿಜ. ಆದರೆ ಅದಕ್ಕೂ ನೀರಿನ ಹರಿವು ಒಂದೇ ಸಮನಿರಬೇಕು, ಆಗಾಗ ಅಂಕ ತಿದ್ದಬೇಕು. ತಿದ್ದುವುದು ಯಾವುದಕ್ಕೆ ಹೋಲಿಸಿ? ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಡಿಪಿಡಿ ಮಾತ್ರೆ ಹಾಕಿ, ಗುಲಾಬಿ ಬಣ್ಣ ಎಷ್ಟು ಗಾಢವಾಯಿತು ಎಂದು ನೋಡುವ ಅದೇ ಹಳೆಯ ಪರೀಕ್ಷೆಗೆ. ಯಂತ್ರ ಬಂತೆಂದು ಆ ಕಿಟ್ ತರಿಸುವುದನ್ನು ನಿಲ್ಲಿಸಿದ ಸಂಘಗಳು ತಮ್ಮ ಸೆನ್ಸರನ್ನು ಯಾವುದಕ್ಕೆ ಹೋಲಿಸಿ ತಿದ್ದುತ್ತಿವೆಯೋ, ಅದನ್ನು ಅವರ ಕಾರ್ಯದರ್ಶಿಗಳೇ ಹೇಳಬೇಕು.