ಸೀಸದ ಗೆರೆ

ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿ ನಿಂತವರು ಗಾಜಿನ ನವಿಲುಗಳ ಬಣ್ಣವನ್ನು ಹೊಗಳುತ್ತಾರೆ. ನಡುವಣ ಕಪ್ಪು ಗೆರೆಯನ್ನು ಕಂಡೂ ಕಾಣರು. ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದುದನ್ನೂ ಅರಮನೆ 1912ರಲ್ಲಿ ಮುಗಿದುದನ್ನೂ ಮಾರ್ಗದರ್ಶಿ ಹೇಳುತ್ತಾನೆ, ಗೆರೆಯ ಮಾತೆತ್ತುವುದಿಲ್ಲ. ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಗಾಜು ಕೊರೆಯಲು ಕುಳಿತುಕೊಳ್ಳುವ ತನಕ ನಾನೂ ಆ ಗುಂಪಿನವನೇ.

ಗಾಜನ್ನು ಕತ್ತರಿಸುವುದೆಂಬುದು ಬರಿಯ ಮಾತು. ಗೀರಿ ಮುರಿಯುವುದು ನಿಜ. ಗೀರು ಒಂದೇ ಸಲಕ್ಕೆ ಹರಿಯಬೇಕು. ಅನುಮಾನಿಸಿ ಅದೇ ದಾರಿಯಲ್ಲಿ ಮತ್ತೆ ಚಕ್ರವಾಡಿಸಿದಿರೋ, ತುಂಡು ತನಗೆ ತೋಚಿದತ್ತ ಸೀಳುತ್ತದೆ. ಆಳವಾದ ಒಳತಿರುವು ಅದಕ್ಕೆ ಒಗ್ಗದು. ನನ್ನ ನವಿಲಿನ ಕತ್ತನ್ನು ಮೂರು ತುಂಡು ಮಾಡಲೇಬೇಕಾಯಿತು. ಅವನ್ನು ಸೀಸದ ಪಟ್ಟಿಯ ಸಂದುಗಳಲ್ಲಿ ಕೂರಿಸಿ ಬೆಸೆದಾಗ ತಿಳಿಯಿತು, ಗೆರೆಯೇ ಚಿತ್ರದ ಎಲುಬು.

ಆದುದರಿಂದಲೇ ಇಡೀ ಗಾಜಿಗೆ ಬಣ್ಣ ಬಳಿದು, ಕೊಳವೆಯಿಂದ ಕಪ್ಪು ಗೆರೆ ಹಿಂಡುವ ಈಗಿನ ಅನುಕರಣೆ ನನಗೆ ರುಚಿಸದು. ಅಲ್ಲಿ ಗೆರೆ ಏನನ್ನೂ ಹೊರುವುದಿಲ್ಲ. ಮೂಡುಬಿದಿರೆಯ ರತ್ನಾಕರವರ್ಣಿಯ ಸಾಂಗತ್ಯದಲ್ಲಿ ಒಂದು ಗಣ ತಪ್ಪಿದರೆ ಹಾಡು ಎಡವುತ್ತದೆ. ನಮ್ಮ ಅಭಿನಂದನಪತ್ರಗಳ ಪ್ರಾಸವನ್ನು ಕಿತ್ತರೆ ಯಾರಿಗೂ ತಿಳಿಯದು.

ಹಾಗೆಂದು ನನ್ನ ನವಿಲು ಚೆನ್ನಾಗಿದೆಯೆಂದಲ್ಲ. ಕತ್ತು ಸೊಟ್ಟ, ಬೆಸುಗೆ ಗಂಟುಗಂಟು. ಕಿಟಕಿಗೆ ಕೂರಿಸಲು ಬಡಗಿ ಒಪ್ಪುತ್ತಿಲ್ಲ.